ಗಾಜಿನ ತೊಟ್ಟಿಗೊಂದು ಕೋಡಿ

ಕಡಲ ಹವಳವನ್ನು ಮನೆಯಲ್ಲಿ ಸಾಕುವ ಗಾಜಿನ ತೊಟ್ಟಿ ಸಾಮಾನ್ಯವಾಗಿ ಒಂಟಿಯಾಗಿರುವುದಿಲ್ಲ. ಎರಡು ಮೂರು ತೊಟ್ಟಿಗಳು ಕೂಡಿ ಒಂದು ಸರಣಿಯಾಗುತ್ತವೆ. ಪಡಸಾಲೆಯಲ್ಲಿ ಕಣ್ಣಿಗೆ ಕಾಣುವಂತೆ ಇಟ್ಟದ್ದು ನೋಟದ ತೊಟ್ಟಿ. ಮೀನು, ಹವಳ, ಕಲ್ಲು ಎಲ್ಲ ಇರುವುದು ಅದರಲ್ಲಿ. ಅದರ ಕೆಳಗೆ ಮೇಜಿನೊಳಗೆ ಮರೆಯಾಗಿರುವುದು ಸಂಪು. ನೀರಿನ ಕೊಳೆಯನ್ನು ನೊರೆಯಾಗಿ ಎಬ್ಬಿಸಿ ತೆಗೆಯುವ ಸ್ಕಿಮ್ಮರ್, ಹೀಟರ್, ನೀರನ್ನು ಮತ್ತೆ ಮೇಲಕ್ಕೆ ಎತ್ತುವ ಪಂಪು ಅಲ್ಲಿರುತ್ತವೆ. ಪಕ್ಕದಲ್ಲಿ ಕಡಲ ಪಾಚಿ ಬೆಳೆಸುವ ಮೂರನೆಯ ತೊಟ್ಟಿಯನ್ನು ಇಡುವವರೂ ಉಂಟು. ಮೀನಿನ ಹೊಲಸಿನಿಂದ ಹುಟ್ಟುವ ನೈಟ್ರೇಟನ್ನು ಪಾಚಿ ಉಂಡು ಬೆಳೆಯುತ್ತದೆ. ಮೂರರಲ್ಲೂ ಸುತ್ತುವುದು ಒಂದೇ ನೀರು. ನೀರು ಹೆಚ್ಚಿದ್ದಷ್ಟೂ ಅದರ ಉಪ್ಪು, ಶಾಖ, ಕ್ಷಾರ ನಿಧಾನವಾಗಿ ಬದಲಾಗುತ್ತವೆ. ಹವಳಕ್ಕೆ ಬೇಕಾದದ್ದು ಈ ಸ್ಥಿರತೆ. ಗಾಜಿಗೆ ರಂಧ್ರ ಕೊರೆದು, ಕೊಳವೆ ಜೋಡಿಸಿ, ಆ ನೀರನ್ನು ಒಂದು ಹನಿ ನೆಲಕ್ಕೆ ಬೀಳದಂತೆ ಹಗಲಿರುಳು ಸುತ್ತಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಈ ಕೆಲಸಕ್ಕೆ ಬೇಕಾದ ಮುಖ್ಯ ಮಾತುಗಳು ಕನ್ನಡದ ಕೆರೆಗಳಲ್ಲೇ ಇವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೆರೆ ಕಟ್ಟಿದವರು ನೀರಿಗೆ ಎರಡು ದಾರಿ ಇಟ್ಟರು. ತೂಬು ಬೇಕೆಂದಾಗ ಬೇಕಾದಷ್ಟೇ ನೀರು ಬಿಡುವ ದಾರಿ. ಅದನ್ನು ತೆರೆದು ಮುಚ್ಚಲು ಒಬ್ಬ ನೀರಗಂಟಿ ಬೇಕು. ಕೋಡಿ ಹೆಚ್ಚಾದ ನೀರು ತಾನಾಗಿ ಹೊರಹೋಗುವ ದಾರಿ. ಅದಕ್ಕೆ ಯಾರೂ ಕಾವಲಿರಬೇಕಿಲ್ಲ. ಕೋಡಿ ಕಿರಿದಾದ ಕೆರೆ ಒಂದು ದೊಡ್ಡ ಮಳೆಗೆ ಏರಿ ಒಡೆದುಕೊಳ್ಳುತ್ತದೆ. ಸವದತ್ತಿ ಕಡೆಯ ಹಳ್ಳಿ ಉಗರಗೋಳದ ಹತ್ತಿರವೇ ಇರುವ ನವಿಲುತೀರ್ಥದಲ್ಲಿ, ಎರಡು ಗುಡ್ಡಗಳ ನಡುವೆ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಲ್ಲಿಯೂ ಕಾಲುವೆಗೆ ನೀರು ಬಿಡುವ ದಾರಿ ಬೇರೆ, ಪ್ರವಾಹದ ನೀರು ಬಿಡುವ ಗೇಟುಗಳು ಬೇರೆ. ಗಾಜಿನ ತೊಟ್ಟಿಗೂ ಇದೇ ನಿಯಮ. ಪಂಪು ಎಷ್ಟು ನೀರನ್ನು ಮೇಲೆತ್ತಬಲ್ಲದೋ ಅದಕ್ಕಿಂತ ಹೆಚ್ಚನ್ನು ಇಳಿಸಬಲ್ಲ ಕೋಡಿ ಅದಕ್ಕಿರಬೇಕು.

ತೊಟ್ಟಿಗಳನ್ನು ಕೂಡಿಸುವ ರೀತಿ ಎರಡು. ಮೊದಲನೆಯದು ಒಂದೇ ಎತ್ತರದಲ್ಲಿರುವ ಎರಡು ತೊಟ್ಟಿಗಳನ್ನು ಕೆಳಭಾಗದಲ್ಲಿ ಕೊಳವೆಯಿಂದ ಕೂಡಿಸುವುದು. ಇಲ್ಲಿ ನಡೆಯುವುದು ಗೌಂಡಿಗಳು ದಿನವೂ ಬಳಸುವ ತತ್ತ್ವ. ಬುನಾದಿಯ ಮಟ್ಟ ಹಿಡಿಯಲು ಅವರು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ, ಒಬ್ಬರು ಈ ಮೂಲೆಯಲ್ಲಿ, ಇನ್ನೊಬ್ಬರು ಆ ಮೂಲೆಯಲ್ಲಿ ತುದಿ ಹಿಡಿದು ನಿಲ್ಲುತ್ತಾರೆ. ನಡುವೆ ಕೊಳವೆ ಎಷ್ಟೇ ಸುತ್ತಿಕೊಂಡಿದ್ದರೂ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕೂಡಿಸಿದ ತೊಟ್ಟಿಗಳಲ್ಲೂ ನೀರು ನಿಂತಿರುವಾಗ ಮಟ್ಟ ಒಂದೇ. ಆದರೆ ಪಂಪು ನಡೆಯತೊಡಗಿ ನೀರು ಹರಿದಾಗ ಮಾತು ಬೇರೆ. ನೀರು ಹರಿಯಬೇಕಾದರೆ ಕೊಡುವ ತೊಟ್ಟಿಯ ಮಟ್ಟ ಪಡೆಯುವ ತೊಟ್ಟಿಗಿಂತ ಮೇಲಿರಲೇಬೇಕು.

ಆ ವ್ಯತ್ಯಾಸ ಎಷ್ಟೆಂಬುದು ಕೊಳವೆಯ ಅಗಲವನ್ನು ನೆಚ್ಚಿದೆ. ಗಂಟೆಗೆ 2000 ಲೀಟರ್ ನೀರು ಒಂದು ಇಂಚಿನ ಗಿಡ್ಡ ಕೊಳವೆಯಲ್ಲಿ ಹಾಯಬೇಕಾದರೆ ಎರಡು ತೊಟ್ಟಿಗಳ ನಡುವೆ ಸುಮಾರು 10 ಸೆಂಟಿಮೀಟರ್ ಮಟ್ಟದ ವ್ಯತ್ಯಾಸ ಬೇಕಾಗುತ್ತದೆ. ಅದೇ ನೀರಿಗೆ ಎರಡು ಇಂಚಿನ ಕೊಳವೆ ಕೊಟ್ಟರೆ ವ್ಯತ್ಯಾಸ ಒಂದು ಸೆಂಟಿಮೀಟರಿಗೂ ಕಡಿಮೆ. ಕೊಳವೆಯ ಅಗಲ ಇಮ್ಮಡಿಯಾದರೆ ಅದರ ಬಾಯಿ ನಾಲ್ಕು ಪಟ್ಟಾಗುತ್ತದೆ, ನೀರಿನ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ, ಬೇಕಾದ ಮಟ್ಟದ ವ್ಯತ್ಯಾಸ ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಕೂಡಿಸಿದ ತೊಟ್ಟಿಯ ಅಂಚಿನಿಂದ ನೀರು ಉಕ್ಕಿದರೆ ಅದಕ್ಕೆ ಹೆಚ್ಚಿನ ಸಲ ಕಾರಣ ಈ ಲೆಕ್ಕ ಬಿಟ್ಟದ್ದೇ ಆಗಿರುತ್ತದೆ. ಕೊಳವೆಯಲ್ಲಿ ಬಸವನಹುಳು ಸೇರಿ, ಪಾಚಿ ಕಟ್ಟಿ ದಾರಿ ಇನ್ನಷ್ಟು ಕಿರಿದಾಗುವುದರಿಂದ ಒಂದರ ಬದಲು ಎರಡು ಕೊಳವೆ ಇಡುವುದು ಕ್ಷೇಮ.

ಎರಡನೆಯ ರೀತಿ ಮೇಲಿನ ತೊಟ್ಟಿಯಿಂದ ಕೆಳಗಿನ ಸಂಪಿಗೆ ಕೋಡಿಯ ಮೂಲಕ ನೀರು ಇಳಿಸುವುದು. ಗಾಜು ಕೊರೆಯಲು ಅಂಜುವವರು ತೊಟ್ಟಿಯ ಅಂಚಿನ ಮೇಲಿಂದ ಬಾಗಿದ ಕೊಳವೆ ಹಾಕಿ, ಬ್ಯಾರಲ್ಲಿನಿಂದ ಪೈಪಿನಲ್ಲಿ ನೀರು ಎಳೆದಂತೆ ಎಳೆಸುತ್ತಾರೆ. ಈ ಏರ್ಪಾಟಿನ ದೋಷ ಕೊಳವೆಯ ನೆತ್ತಿಯಲ್ಲಿದೆ. ಗಾಳಿಯ ಗುಳ್ಳೆಗಳು ಅಲ್ಲಿ ಕೂಡುತ್ತಾ ಬಂದು ಒಂದು ದಿನ ನೀರಿನ ಎಳೆತ ಕಡಿಯುತ್ತದೆ. ಕರೆಂಟು ಹೋಗಿ ಬಂದಾಗಲೂ ಎಳೆತ ಮತ್ತೆ ಹಿಡಿಯದೆ ಹೋಗಬಹುದು. ಪಂಪಿಗೆ ಅದು ಗೊತ್ತಾಗುವುದಿಲ್ಲ. ಸಂಪಿನಲ್ಲಿರುವ ನೀರನ್ನೆಲ್ಲ ಎತ್ತಿ ಪಡಸಾಲೆಗೆ ಚೆಲ್ಲುತ್ತದೆ. ಕೊರೆದ ತೊಟ್ಟಿಯಲ್ಲಿ ಈ ಭಯವಿಲ್ಲ. ಅಲ್ಲಿ ನೀರು ತನ್ನ ಭಾರದಿಂದಲೇ ಇಳಿಯುತ್ತದೆ.

ಒಳ್ಳೆಯ ಕೋಡಿಗೆ ಮೂರು ಕೊಳವೆಗಳಿರುತ್ತವೆ. ತೊಟ್ಟಿಯ ಹಿಂಬದಿಯಲ್ಲಿ ಗಾಜಿನ ಚಿಕ್ಕ ಗೂಡು ಕಟ್ಟಿ, ಅದರ ಮೇಲಂಚಿಗೆ ಬಾಚಣಿಗೆಯಂಥ ಹಲ್ಲು ಇಡುತ್ತಾರೆ. ಮೀನು ಆಚೆ ಹೋಗದೆ ನೀರಿನ ಮೇಲ್ಪದರ ಮಾತ್ರ ಗೂಡಿಗೆ ಇಳಿಯುತ್ತದೆ. ಗೂಡಿನೊಳಗಿನ ಮೊದಲ ಕೊಳವೆ ಪೂರ್ತಿ ನೀರಿನಡಿ ಮುಳುಗಿರುತ್ತದೆ. ಗಾಳಿ ಸೇರದ್ದರಿಂದ ಅದು ಸದ್ದಿಲ್ಲದೆ ತುಂಬಿ ಹರಿಯುತ್ತದೆ, ಅದರ ಕೆಳಗಿನ ವಾಲ್ವಿನಿಂದ ಹರಿವನ್ನು ಹೊಂದಿಸಬಹುದು. ಇದು ತೂಬು. ಎರಡನೆಯದರ ಬಾಯಿ ತುಸು ಮೇಲಿರುತ್ತದೆ; ತೂಬು ಹಿಡಿಯದೆ ಉಳಿದ ಸ್ವಲ್ಪ ನೀರು ಅದರ ಗೋಡೆಗುಂಟ ಜಾರುತ್ತದೆ, ನಡುವೆ ಗಾಳಿ ಆಡುತ್ತದೆ. ಮೂರನೆಯದರ ಬಾಯಿ ಎಲ್ಲಕ್ಕಿಂತ ಮೇಲೆ, ಆದರೆ ತೊಟ್ಟಿಯ ಅಂಚಿಗಿಂತ ಕೆಳಗೆ. ಅದು ಯಾವಾಗಲೂ ಒಣಗಿರಬೇಕು. ಉಳಿದೆರಡು ಕಟ್ಟಿಕೊಂಡ ದಿನ ಪೂರ್ತಿ ನೀರನ್ನು ಅದೊಂದೇ ಇಳಿಸಬೇಕು. ನಿಜವಾದ ಕೋಡಿ ಈ ಮೂರನೆಯ ಕೊಳವೆ. ಅದಕ್ಕೆ ವಾಲ್ವು ಹಾಕಬಾರದು.

ಎರಡನೆಯ ಕೊಳವೆಯ ನೆತ್ತಿಗೆ ಗಾಳಿಯಾಡಲು ಒಂದು ಚಿಕ್ಕ ತೂತು ಇಡುತ್ತಾರೆ. ಅದಿಲ್ಲದಿದ್ದರೆ ಕೊಳವೆ ಒಮ್ಮೆ ತುಂಬಿ ಎಳೆದು, ಒಮ್ಮೆ ಗಾಳಿ ನುಂಗಿ ಗುಟುಕರಿಸುತ್ತಾ ಮನೆಯವರ ನಿದ್ದೆ ಕೆಡಿಸುತ್ತದೆ. ಮುಚ್ಚಿದ ಕೊಳವೆಗೆ ನಡುನಡುವೆ ಗಾಳಿ ತೋರಿಸುವ ಈ ಉಪಾಯ ನಾಡಿನಲ್ಲಿ ಹಳೆಯದು. 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ವಿಜಯಪುರ ಪಟ್ಟಣಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ತಂದ ಆದಿಲ್‌ಶಾಹಿ ಕಾಲದವರು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ಕೊಳವೆಯ ಒತ್ತಡ ಅಲ್ಲಿ ಇಳಿಯುತ್ತಿತ್ತು, ಹೂಳು ಅಲ್ಲೇ ತಂಗುತ್ತಿತ್ತು. ಗೋಪುರಗಳು ಇಂದಿಗೂ ವಿಜಯಪುರದಲ್ಲಿ ನಿಂತಿವೆ.

ಇನ್ನು ಗಾಜು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಅಂದರೆ ಸುಮಾರು 120, 45, 45 ಸೆಂಟಿಮೀಟರ್ ಅಳತೆಯ ತೊಟ್ಟಿ 243 ಲೀಟರ್ ಹಿಡಿಯುತ್ತದೆ. ಉಪ್ಪುನೀರಿನ ಭಾರವೇ 250 ಕಿಲೋ, 10 ಮಿಲಿಮೀಟರ್ ದಪ್ಪದ ಗಾಜಿನದು ಇನ್ನು 50 ಕಿಲೋ, ಅದರ ಮೇಲೆ ಕಲ್ಲು. ತುಂಬಿದ ತೊಟ್ಟಿಯ ಮುಂದಿನ ಗಾಜನ್ನು ನೀರು ಸುಮಾರು 125 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ನೂಕುತ್ತಿರುತ್ತದೆ. ಆದ್ದರಿಂದ ಮೇಜು ಗಟ್ಟಿಯಿರಬೇಕು, ರಸಮಟ್ಟ ಇಟ್ಟು ನೋಡಿದರೆ ನಾಲ್ಕೂ ಕಡೆ ಸಮನಾಗಿರಬೇಕು, ಗಾಜಿನ ತಳಕ್ಕೂ ಮೇಜಿಗೂ ನಡುವೆ ಥರ್ಮಾಕೋಲ್ ಹಾಸಬೇಕು. ತಳದಡಿ ಸಿಕ್ಕ ಒಂದು ಮರಳಿನ ಹರಳು ಗಾಜನ್ನು ಸೀಳಲು ಸಾಕು.

ಕೊರೆಯಲು ಬರುವುದು ಸಾದಾ ಗಾಜು ಮಾತ್ರ. ಟಫನ್ಡ್ ಗಾಜನ್ನು ಕಾಸಿ ತಟ್ಟನೆ ತಣಿಸಿರುತ್ತಾರೆ. ಅದರ ಮೈಯಲ್ಲಿ ಬಿಗಿತ ತುಂಬಿರುತ್ತದೆ. ಡ್ರಿಲ್ಲಿನ ಹಲ್ಲು ಆ ಬಿಗಿತವನ್ನು ಒಂದು ಕಡೆ ಕಡಿದ ಕೂಡಲೇ ಇಡೀ ಗಾಜು ಜೋಳದ ಕಾಳಿನಷ್ಟು ಚೂರುಗಳಾಗಿ ಸುರಿಯುತ್ತದೆ. ಗಾಜು ಯಾವ ಜಾತಿಯದೆಂದು ಮೊದಲೇ ತಿಳಿಯಲು ಸುಲಭದ ದಾರಿಯಿದೆ. ಗಾಜಿನ ಹಿಂದೆ ಕಂಪ್ಯೂಟರಿನ ಬಿಳಿ ಪರದೆ ಹೊತ್ತಿಸಿಟ್ಟು, ಪೋಲರಾಯ್ಡ್ ಚಾಳೀಸಿನಲ್ಲಿ ನೋಡುತ್ತಾ ಚಾಳೀಸನ್ನು ಮೆಲ್ಲಗೆ ತಿರುಗಿಸಬೇಕು. ಟಫನ್ಡ್ ಗಾಜಾದರೆ ಕಪ್ಪು ಕಲೆಗಳ ಸಾಲು ಅಥವಾ ಬಣ್ಣದ ಪಟ್ಟೆ ಕಾಣುತ್ತದೆ. ಸಾದಾ ಗಾಜು ಎಲ್ಲೆಡೆ ಒಂದೇ ಸಮ ಮಸುಕಾಗುತ್ತದೆ. ಸಿದ್ಧ ತೊಟ್ಟಿಗಳಲ್ಲಿ ತಳದ ಗಾಜೊಂದೇ ಟಫನ್ಡ್ ಆಗಿರುವುದೂ ಉಂಟು. ಆದ್ದರಿಂದ ಪ್ರತಿಯೊಂದು ಗಾಜನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಹೊಸ ತೊಟ್ಟಿ ಮಾಡಿಸುವವರು ಅಂಟಿಸುವ ಮೊದಲೇ ಗಾಜಿನ ಅಂಗಡಿಯಲ್ಲಿ ರಂಧ್ರ ಕೊರೆಸಿಕೊಳ್ಳುವುದು ಮೇಲು.

ರಂಧ್ರದ ಜಾಗಕ್ಕೂ ನಿಯಮವಿದೆ. ರಂಧ್ರದ ಅಂಚಿನಿಂದ ಗಾಜಿನ ಅಂಚಿಗೆ, ಒಂದು ರಂಧ್ರದಿಂದ ಇನ್ನೊಂದಕ್ಕೆ, ಕಡಿಮೆಯೆಂದರೂ ರಂಧ್ರದ ಅಗಲದಷ್ಟು ಗಾಜು ಉಳಿಯಬೇಕು. ಅಗಲವನ್ನು ಊಹೆಯಿಂದ ತೆಗೆದುಕೊಳ್ಳಬಾರದು. ಮನೆಯ ಮೇಲಿನ ಪ್ಲಾಸ್ಟಿಕ್ ಟಾಕಿಗೆ ಹಾಕುವಂಥ ಟ್ಯಾಂಕ್ ನಿಪ್ಪಲ್ಲೇ ಇಲ್ಲಿಗೂ ಬೇಕು. ಅದನ್ನು ಮೊದಲು ಕೈಗೆ ತೆಗೆದುಕೊಂಡು, ದಾರವಿರುವ ಭಾಗವನ್ನು ಅಳೆದು, ಅದಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡ ಕೊರೆಬಿಲ್ಲೆ ಕೊಳ್ಳಬೇಕು.

ಕೊರೆಯುವ ಬಿಲ್ಲೆ ಬಳೆಯಾಕಾರದ್ದು, ಅಂಚಿಗೆ ವಜ್ರದ ಪುಡಿ ಲೇಪಿಸಿದ್ದು. ಅದು ಗಾಜನ್ನು ಕತ್ತರಿಸುವುದಿಲ್ಲ, ತೇಯುತ್ತದೆ. ತೇಯುವಾಗ ಹುಟ್ಟುವ ಕಾವು ಗಾಜಿನ ಶತ್ರು. ಗುರುತು ಮಾಡಿದ ಜಾಗದ ಸುತ್ತ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಂಥ ಹದವಾದ ಎರೆಮಣ್ಣಿನಿಂದ ಬೆರಳೆತ್ತರದ ಕಟ್ಟೆ ಕಟ್ಟಿ ಒಳಗೆ ನೀರು ನಿಲ್ಲಿಸಿದರೆ ಬಿಲ್ಲೆ ನೀರಿನಲ್ಲೇ ತಿರುಗುತ್ತದೆ. ಬಿಲ್ಲೆಗೆ ನಡುಮೊಳೆ ಇರುವುದಿಲ್ಲವಾದ್ದರಿಂದ ನುಣುಪು ಗಾಜಿನ ಮೇಲೆ ಜಾರಿ ಓಡಾಡುತ್ತದೆ. ಅದೇ ಅಳತೆಯ ರಂಧ್ರವಿರುವ ಪ್ಲೈವುಡ್ ತುಂಡನ್ನು ಒತ್ತಿ ಹಿಡಿದರೆ ಅದು ದಾರಿ ತೋರುತ್ತದೆ. ಗಾಜಿನ ಅಡಿಗೆ ದಪ್ಪ ಟೇಪು ಅಂಟಿಸಿ, ಅದರಡಿ ಹಲಗೆ ಕೊಟ್ಟಿರಬೇಕು. ಕೊರೆದ ಬಿಲ್ಲೆಗಾಜು ಕೊನೆಯ ಗಳಿಗೆಯಲ್ಲಿ ಕೆಳಗೆ ಬಿದ್ದು ಅಂಚನ್ನು ಕೀಳದಂತೆ ಇದು ತಡೆಯುತ್ತದೆ.

ಡ್ರಿಲ್ಲನ್ನು ನಿಧಾನ ವೇಗದಲ್ಲಿ ತಿರುಗಿಸಬೇಕು. ಮೈಭಾರ ಹಾಕಬಾರದು, ಡ್ರಿಲ್ಲಿನ ಭಾರವೇ ಸಾಕು. ಕೆಲವು ಕ್ಷಣಗಳಲ್ಲಿ ಕಟ್ಟೆಯ ನೀರು ಸುಣ್ಣದ ತಿಳಿಯಂತೆ ಬೆಳ್ಳಗಾಗುತ್ತದೆ. ಅದು ಗಾಜಿನ ಪುಡಿ. ಆಗಾಗ ಬಿಲ್ಲೆಯನ್ನು ಎತ್ತಿ ಹೊಸ ನೀರು ಹಾಕಬೇಕು. 10 ಮಿಲಿಮೀಟರ್ ಗಾಜಿಗೆ ಒಂದು ರಂಧ್ರಕ್ಕೆ ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ತಳ ಸಮೀಪಿಸಿದಂತೆ ಸದ್ದು ಬದಲಾಗುತ್ತದೆ, ಆಗ ಕೈಯನ್ನು ಇನ್ನೂ ಹಗುರಾಗಿಸಬೇಕು. ಗಾಜು ಒಡೆಯುವುದು ಹೆಚ್ಚಾಗಿ ಈ ಕೊನೆಯ ಅರ್ಧ ನಿಮಿಷದ ಅವಸರದಲ್ಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಬೇಕು. ನೀರಿನೊಂದಿಗೆ ಕೆಲಸವಾದ್ದರಿಂದ ವೈರಿನ ಡ್ರಿಲ್ಲಿಗಿಂತ ಬ್ಯಾಟರಿ ಡ್ರಿಲ್ಲು ಸುರಕ್ಷಿತ. ರಂಧ್ರದ ಅಂಚನ್ನು ನೀರು ಹಚ್ಚಿದ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದರೆ ಮುಂದೆ ಬಿರುಕು ಹಬ್ಬುವುದಿಲ್ಲ.

ನಿಪ್ಪಲ್ ಕೂಡಿಸುವಾಗ ರಬ್ಬರ್ ವಾಶರ್ ಅಗಲ ಅಂಚಿರುವ ಕಡೆ, ಅಂದರೆ ತೊಟ್ಟಿಯ ಒಳಗೆ ನೀರಿನ ಮಗ್ಗುಲಿಗೆ ಇರಬೇಕು. ನಟ್ಟು ಹೊರಗೆ ಬರುತ್ತದೆ. ಕೈಯಿಂದ ಬಿಗಿದು, ಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಪಾನಾ ಹಾಕಿ ಹಿಡಿದಷ್ಟೂ ಬಿಗಿದರೆ ಸೀಳುವುದು ಗಾಜೇ. ನಿಪ್ಪಲ್ಲಿನ ನಂತರ ಪ್ರತಿಯೊಂದು ಕೊಳವೆಗೂ ಒಂದು ಯೂನಿಯನ್ ಹಾಕಬೇಕು. ಪಿವಿಸಿ ಕೊಳವೆಗೆ ಸಾಲ್ವೆಂಟ್ ಹಚ್ಚಿ ಕೂಡಿಸಿದ ಜೋಡಣೆ ಮತ್ತೆ ಬಿಚ್ಚುವುದಿಲ್ಲ. ಯೂನಿಯನ್ ಇದ್ದರೆ ಪಂಪು ತೊಳೆಯಲು, ಕೊಳವೆ ಶುಚಿ ಮಾಡಲು ಕೈತಿರುವಿನಲ್ಲಿ ಬಿಚ್ಚಬಹುದು. ಸಮಕೋನದ ಎಲ್ಬೋ ಕಡಿಮೆಯಿದ್ದಷ್ಟೂ ನೀರು ಸರಾಗವಾಗಿ ಇಳಿಯುತ್ತದೆ.

ಮನೆಯ ನಳದ ಕೆಲಸ ಬಲ್ಲವರಿಗೂ ಒಂದು ಎಚ್ಚರಿಕೆ ಬೇಕು. ಹಿತ್ತಾಳೆ, ತಾಮ್ರ, ಜಿಐ ಇವುಗಳ ಒಂದು ತುಂಡೂ ಈ ಸರಣಿಯಲ್ಲಿ ಸೇರಬಾರದು. ಉಪ್ಪುನೀರು ಲೋಹವನ್ನು ಕರಗಿಸುತ್ತದೆ. ಮನುಷ್ಯರು ಕುಡಿಯುವ ನೀರನ್ನು ಇಡಲು ಬಳಸುವ ತಾಮ್ರವೇ ಹವಳಕ್ಕೂ ಸಿಗಡಿಗೂ ಅತಿ ಸಣ್ಣ ಪ್ರಮಾಣದಲ್ಲಿ ವಿಷ. ಗಾಜಿನ ಸಂದಿಗೆ ಹಾಕುವ ಸಿಲಿಕೋನ್ ಬೂಷ್ಟು ತಡೆಯುವ ಔಷಧ ಬೆರೆಸದ ಶುದ್ಧ ಸಿಲಿಕೋನ್ ಆಗಿರಬೇಕು. ಅದರ ಹುಳಿ ವಾಸನೆ ಪೂರ್ತಿ ಹೋಗುವ ತನಕ ನೀರು ಹಾಕಬಾರದು.

ಹಳ್ಳಿಯ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಕರೆಂಟು ಹೋದಾಗಿನದು. ಪಂಪು ನಿಂತ ಕೂಡಲೇ ಮೇಲಿನ ನೀರು ಕೋಡಿಯ ಮಟ್ಟಕ್ಕೆ ಇಳಿಯುತ್ತದೆ. ಅಷ್ಟೇ ಅಲ್ಲದೆ ಪಂಪಿನಿಂದ ಮೇಲೆ ಹೋದ ಕೊಳವೆ ಹಿಮ್ಮುಖವಾಗಿ ನೀರನ್ನು ಎಳೆಯತೊಡಗುತ್ತದೆ. ಅದರ ಬಾಯಿ ಗಾಳಿಗೆ ತೆರೆಯುವ ತನಕ ಬಿಡುವುದಿಲ್ಲ. ಮೇಲೆ ಹೇಳಿದ ಅಳತೆಯ ತೊಟ್ಟಿಯಲ್ಲಿ ಆ ಬಾಯಿ ನೀರಿನಡಿ 3 ಸೆಂಟಿಮೀಟರ್ ಇದ್ದರೆ ಕೆಳಗೆ ಬರುವುದು ಸುಮಾರು 16 ಲೀಟರ್. 15 ಸೆಂಟಿಮೀಟರ್ ಆಳದಲ್ಲಿದ್ದರೆ 81 ಲೀಟರ್. ಸಂಪಿನ ತಳ 60ಕ್ಕೆ 40 ಸೆಂಟಿಮೀಟರ್ ಇದ್ದರೆ 16 ಲೀಟರಿಗೆ ಅಲ್ಲಿಯ ಮಟ್ಟ 7 ಸೆಂಟಿಮೀಟರ್ ಏರುತ್ತದೆ, 81 ಲೀಟರಿಗೆ 34 ಸೆಂಟಿಮೀಟರ್. ಮೊದಲನೆಯದು ಸಂಪಿನಲ್ಲಿ ಹಿಡಿಸುತ್ತದೆ, ಎರಡನೆಯದು ನೆಲಕ್ಕೆ ಚೆಲ್ಲುತ್ತದೆ. ಆದ್ದರಿಂದ ನೀರು ಬೀಳುವ ಬಾಯಿಯನ್ನು ಮೇಲ್ಮಟ್ಟದ ಹತ್ತಿರವೇ ಇಡಬೇಕು, ನೀರಿನ ಗೆರೆಯ ತುಸು ಕೆಳಗೆ ಕೊಳವೆಗೆ ಗಾಳಿ ಸೇರುವ ತೂತು ಮಾಡಬೇಕು, ಸಂಪಿನಲ್ಲಿ ಯಾವಾಗಲೂ ಆ ನೀರಿಗೆ ಜಾಗ ಬಿಟ್ಟಿರಬೇಕು. ನೀರು ಹಿಂದಿರುಗದಂತೆ ತಡೆಯುವ ವಾಲ್ವೊಂದನ್ನೇ ನಂಬಬಾರದು. ಅದರ ಮುಚ್ಚಳಕ್ಕೆ ಒಂದು ಸಿಂಪಿ ಅಂಟಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ವಿದ್ಯುತ್ ತಂತಿಗಳು ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿದ್ದರೆ ಹನಿ ಸಾಕೆಟ್ಟನ್ನು ಮುಟ್ಟದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದರೆ ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಕಡ್ಡಾಯವಾಗಿ ಬೇಕು.

ಕೂಡಿಸಿದ ಮೇಲೆ ಮೂರು ಪರೀಕ್ಷೆ ಮಾಡಬೇಕು, ಮೂರೂ ಸಿಹಿನೀರಿನಲ್ಲಿ. ಒಂದು, ಇಡೀ ದಿನ ಪಂಪು ನಡೆಸಿ ಪ್ರತಿ ಸಂದಿಯ ಅಡಿಗೂ ಒಣ ಕಾಗದ ಹಾಸಿ ನೋಡುವುದು. ಎರಡು, ಪಂಪು ಆರಿಸಿ ಸಂಪು ಉಕ್ಕುತ್ತದೆಯೇ ಎಂದು ಕಾಯುವುದು. ಮೂರು, ಪಂಪು ನಡೆಯುತ್ತಿರುವಾಗಲೇ ಮೊದಲೆರಡು ಕೊಳವೆಗಳ ಬಾಯಿ ಮುಚ್ಚಿ, ಮೂರನೆಯ ಕೊಳವೆ ಒಂದೇ ಪೂರ್ತಿ ನೀರನ್ನು ಇಳಿಸಬಲ್ಲದೇ ಎಂದು ನೋಡುವುದು. ಮೂರನ್ನೂ ಗೆದ್ದ ತೊಟ್ಟಿಗೆ ಮಾತ್ರ ಉಪ್ಪು ಬೆರೆಸಬೇಕು.

ಉಗರಗೋಳದಂಥ ಒಳನಾಡಿನ ಹಳ್ಳಿಯಿಂದ ಕಾರವಾರದ ಕಡಲಿಗೆ ಧಾರವಾಡ, ಯಲ್ಲಾಪುರ, ಅಂಕೋಲಾ ದಾಟಿ ಹೋಗಬೇಕು. ಹಾಗಾಗಿ ಕಡಲ ನೀರನ್ನು ಮನೆಯಲ್ಲೇ ಮಾಡಿಕೊಳ್ಳಬೇಕಾಗುತ್ತದೆ. ಒಂದು ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ 300 ಲೀಟರಿಗೆ ಹತ್ತು ಕಿಲೋಗಿಂತ ಹೆಚ್ಚು ಉಪ್ಪು ಬೇಕು. ಅಡುಗೆ ಉಪ್ಪು ಒಂದೇ ಲವಣವಾದ್ದರಿಂದ ಉಪಯೋಗವಿಲ್ಲ. ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲ ಕೂಡಿದ ಅಕ್ವೇರಿಯಂ ಉಪ್ಪೇ ಬೇಕು. ಗಡಸಾದ ಬೋರಿನ ನೀರನ್ನು ಆರ್‌ಓ ಮಾಡಿಯೇ ಬಳಸಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ದಿನವೂ ತುಂಬಬೇಕಾದದ್ದು ಸಿಹಿನೀರು. ಹವಳಕ್ಕೆ 25ರಿಂದ 27 ಡಿಗ್ರಿ ಶಾಖ ಹಿತ. ಸವದತ್ತಿ, ರಾಮದುರ್ಗದ ಕಡೆಯ ಬೇಸಿಗೆಯಲ್ಲಿ ಹೊರಗಿನ ಶಾಖ 40ರ ಹತ್ತಿರ ಹೋಗುವುದರಿಂದ ನೀರನ್ನು ತಣಿಸುವ ಚಿಲ್ಲರ್ ಇಲ್ಲದೆ ಹವಳ ಉಳಿಯದು. ನೀರು ಕಾದರೆ ಹವಳ ತನ್ನ ಮೈಯೊಳಗಿದ್ದು ಅನ್ನ ಕೊಡುವ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಕಡಲಿನಲ್ಲೇ ಇದು 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ ಜಗತ್ತಿನಾದ್ಯಂತ ನಡೆಯಿತು. ನಾಲ್ಕನೆಯ ಸಲ ನಡೆಯುತ್ತಿರುವುದನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು.

ಉಪ್ಪುನೀರು ಸಿದ್ಧವಾದ ಮೇಲೂ ನಾಲ್ಕರಿಂದ ಆರು ವಾರ ಮೀನು, ಹವಳ ಬಿಡದೆ ತೊಟ್ಟಿಯಲ್ಲಿ ಕಲ್ಲು ಮಾತ್ರ ಇಟ್ಟು ನೀರು ಸುತ್ತಿಸಬೇಕು. ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಆ ಅವಧಿಯಲ್ಲಿ ಕಲ್ಲಿನ ಸಂದುಗಳಲ್ಲಿ ನೆಲೆಸುತ್ತವೆ. ಕಲ್ಲಿಗಾಗಿ ಕಡಲಿಗೆ ಹೋಗಬೇಕಿಲ್ಲ. ರಾಮದುರ್ಗದ ಉತ್ತರಕ್ಕೆ ಲೋಕಾಪುರದ ಸುತ್ತ ಸಿಗುವ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಈ ನೆಲದ ಮೇಲೆಯೇ ಇದ್ದ ಕಡಲಿನ ತಳದಲ್ಲಿ ಕಟ್ಟಿಕೊಂಡದ್ದು; ಆ ಕಾಲದ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳು ಆ ಪ್ರದೇಶದ ಕಲ್ಲಿನಲ್ಲಿ ಕಾಣುತ್ತವೆ. ಅಂಥ ಅಪೂರ್ವ ಗುರುತುಗಳನ್ನು ಮುಟ್ಟದೆ, ಗಣಿಯ ಬದಿಯ ಸಾಮಾನ್ಯ ಸುಣ್ಣಕಲ್ಲಿನಲ್ಲಿ ಲೋಹದ ಗೆರೆಯಿಲ್ಲದ, ತೂತುತೂತಾದ ತುಂಡುಗಳನ್ನು ತೊಳೆದು ಬಳಸಬಹುದು.

ಏನನ್ನು ಸಾಕಬಹುದು ಎಂಬುದನ್ನು ಕಾನೂನು ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ, ಕಡಲಕುದುರೆ, ಕಡಲ ಸೌತೆ ಸೇರಿದವು. ಇವನ್ನು ನಮ್ಮ ಕಡಲಿನಿಂದ ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಹೊರದೇಶದ ಕಲ್ಲುಹವಳಕ್ಕೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪರವಾನಗಿ, ಸರ್ಕಾರದ ನೋಂದಣಿ ಬೇಕು. ಕಾಗದಪತ್ರ ತೋರಿಸದ ಅಂಗಡಿಯಿಂದ ಹವಳ ತರಬಾರದು. ಸಂದೇಹವಿದ್ದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಹಾಗೆ ಸಾಕಿ ಬೆಳೆಸಿದ ಮೀನು, ಪಾಚಿ, ಕಲ್ಲು ಇಷ್ಟರಿಂದಲೇ ಆರಂಭಿಸುವುದು ಯೋಗ್ಯ.

ಕರ್ನಾಟಕದ ಕರಾವಳಿಯಲ್ಲಿ ಜೀವಂತ ಹವಳವನ್ನು ಅದರ ಮನೆಯಲ್ಲೇ ನೋಡಬಯಸುವವರಿಗೆ ಮುರ್ಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಕಣ್ತುಂಬ ನೋಡಿ ಬರಲಿ, ಆದರೆ ಅಲ್ಲಿಯ ಒಂದು ಚೂರನ್ನೂ ತೊಟ್ಟಿಗೆಂದು ತರದಿರಲಿ.